ಮುಚ್ಚಿದ ಕಣ್ಣಿನ ಅಕ್ಷರಗಳು

ಮಾರ್ಚ್ ೧೪, ಶನಿವಾರ

ಯಾರಿಗೂ ಹೇಳಿಲ್ಲ: ಶಾಲೆ ಬಿಟ್ಟ ಮೇಲೆ ನನ್ನ ತಲೆಯ ಬಗ್ಗೆ ನನಗೆ ಹೆಮ್ಮೆ ಅನಿಸಿದ್ದು ಅಕ್ಕನ ಪ್ರಯೋಗಾಲಯದ ಕುರ್ಚಿಯಲ್ಲಿ ಮಾತ್ರ. ತಂತಿಗಳ ಟೋಪಿ ಹಾಕಿಕೊಂಡು ಕೂರಬೇಕು. ಪರದೆಯ ಮೇಲೆ ಒಂದೊಂದು ಅಕ್ಷರವೂ ತನ್ನದೇ ತಾಳದಲ್ಲಿ ಮಿನುಗುತ್ತದೆ. ನಾನು ದಿಟ್ಟಿಸಿದ ಅಕ್ಷರದ ತಾಳವನ್ನು ಮೆದುಳು ಹಿಡಿಯುತ್ತದೆ, ಯಂತ್ರ ಅದನ್ನು ಓದಿ ಬರೆಯುತ್ತದೆ. "ಬೇರೆಯವರ ತಲೆ ಗೊಣಗುತ್ತೆ, ನಿಂದು ಹಾಡುತ್ತೆ ಕಣೋ" ಅನ್ನುತ್ತಿದ್ದಳು ಅಕ್ಕ.

ಇವತ್ತು ಯಂತ್ರದ ಪ್ರದರ್ಶನ ನೋಡಲು ಬಂದವರಲ್ಲಿ ಒಬ್ಬ ತಾಯಿ ಇದ್ದರು. ಅವರ ಮಗಳ ಮೈಯಲ್ಲಿ ಆಡುವುದು ಕಣ್ಣೊಂದೇ. ಒಂದು ಪದ ಬರೆಯುವ ನಡುವೆ ನನ್ನ ಕಣ್ಣು ಉರಿದು ಮುಚ್ಚಿಕೊಂಡೆ. ತೆರೆದಾಗ ಪದ ಪೂರ್ತಿಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ತಾಯಿ ನನ್ನ ಕೈ ಹಿಡಿದು ಅತ್ತರು.

ನಾನು ಕಣ್ಣು ಮುಚ್ಚಿದ್ದಾಗ ಪದ ಹೇಗೆ ಪೂರ್ತಿಯಾಯಿತು ಅಂತ ಆಮೇಲೆ ಅಕ್ಕನನ್ನು ಕೇಳಿದೆ.

"ಹೋದ ವಾರ ನೀನೇ ಬರೆದಿದ್ದರ ರೆಕಾರ್ಡಿಂಗ್ ಹಾಕಿದೆ. ಮಷೀನು ಇವತ್ತು ಕೈಕೊಟ್ಟಿದ್ರೆ?"

"ಹಾಗಾದ್ರೆ ನನ್ನನ್ನ ಯಾಕೆ ಕೂರಿಸಿದೆ?"

"ಖಾಲಿ ಕುರ್ಚಿ ತೋರಿಸೋಕಾಗುತ್ತೇನೋ, ಪೆದ್ದ?"

ಶಾಲೆಯಲ್ಲಿ ಮೇಷ್ಟ್ರು ಪೆದ್ದ ಅಂದಾಗಲೂ ಇಷ್ಟು ನೋವಾಗಿರಲಿಲ್ಲ.

ಗೇಟಿನಲ್ಲಿ ಗಾಡಿಗೆ ಕಾಯುತ್ತಿದ್ದ ಆ ತಾಯಿಗೆ ಇದ್ದದ್ದನ್ನು ಹೇಳಿಬಿಟ್ಟೆ. ಅವರು ಮುಖ ತಿರುಗಿಸಿದರು. ವಿಷಯ ತಿಳಿದ ಅಕ್ಕ ರಾತ್ರಿ ಊಟಕ್ಕೂ ಕರೆಯಲಿಲ್ಲ.

ಟೋಪಿಯ ಅಂಟು ಕೂದಲಲ್ಲಿ ಇನ್ನೂ ಇದೆ. ತೊಳೆಯಲು ಮನಸ್ಸಾಗುತ್ತಿಲ್ಲ. ನಾಳೆ ಮೊದಲ ಬಸ್ಸಿಗೆ ಅಕ್ಕನ ಮನೆ ಬಿಡುತ್ತೇನೆ.