ಇವತ್ತಿನ ಪೇಷಂಟ್

ಗದಗ,
ಎರಡು ಸಾವಿರದ ಇನ್ನೂರ ಹನ್ನೊಂದು, ಹದಿಮೂರನೆಯ ತಿಂಗಳ ಎರಡನೆಯ ದಿನ

ನಮಗಿಂತ ಮೊದಲು ಬದುಕಿದವರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ಬೇಸಿಗೆ ಬೆಳೆಯುತ್ತಲೇ ಹೋದದ್ದರಿಂದ ಅದಕ್ಕೊಂದು ತಿಂಗಳು ಹೆಚ್ಚಿಗೆ ಕೊಡಬೇಕಾಯಿತು. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಬಾಕಿ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ನನ್ನ ಹೆಸರು ನೀಲಾಂಬಿಕೆ. ನನ್ನ ಅಕ್ಕ ಗೌರವ್ವ ಹೇಗೆ ಸತ್ತಳು ಎಂದು ತಿಳಿಸಲು ಬರೆಯುತ್ತಿದ್ದೇನೆ.

ನಮ್ಮ ಮನೆಗಳು ಅರ್ಧ ನೆಲದೊಳಗಿವೆ, ಓಣಿಗಳ ಮೇಲೆ ಬಟ್ಟೆಯ ಚಾವಣಿ ಇದೆ. ನಡುಹಗಲು ಯಾರೂ ಹೊರಗೆ ಕಾಲಿಡುವುದಿಲ್ಲ. ಅದನ್ನು ‘ಬಿಸಿಲುಬಂದ್’ ಅನ್ನುತ್ತೇವೆ. ಆಸ್ಪತ್ರೆಗಳಲ್ಲಿ ಆಪರೇಷನ್ ಮಾತ್ರ ನಡೆಯುತ್ತದೆ. ಹಾಸಿಗೆ ಹಿಡಿದವರೆಲ್ಲ ಮನೆಯಲ್ಲೇ ಇರುತ್ತಾರೆ, ಆರೈಕೆ ಸಂಸ್ಥೆಯವರು ಬಂದು ನೋಡಿಕೊಳ್ಳುತ್ತಾರೆ. ಲಕ್ವ ಹೊಡೆದ ಅಕ್ಕನಿಗೆ ಫಕೀರವ್ವ ಎಂಬಾಕೆ ಬರುತ್ತಿದ್ದಳು. ಒಳ್ಳೆಯ ಹೆಂಗಸು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವಳು, ತಲೆ ಎತ್ತಿ ಹಿಡಿದು ಜೋಳದ ಗಂಜಿ ಕುಡಿಸುವಳು. ಗಂಟಲು ಒಣಗಿದರೆ ಅಕ್ಕನಿಗೆ ಕಫ ಕಟ್ಟಿ ಉಸಿರು ನಿಲ್ಲುವಂತಾಗುತ್ತಿತ್ತು. ಆಗಾಗ ಗುಟುಕು ನೀರು ಬೇಕೇ ಬೇಕಿತ್ತು.

ಆರೈಕೆಯನ್ನು ಪರೀಕ್ಷಿಸಲು ಬರುವವರಿಗೆ ನಾವು ‘ಒರೆಗಾರರು’ ಅನ್ನುತ್ತೇವೆ, ನಿಮ್ಮ ಇನ್ಸ್‌ಪೆಕ್ಟರು. ನಿಮ್ಮವರು ಬಾಗಿಲಲ್ಲಿ ನಿಂತು ಗುರುತು ಹಾಕಿಕೊಂಡು, ಚಹಾ ಕುಡಿದು ಹೋಗುತ್ತಿದ್ದರಂತೆ. ನಮ್ಮವರಿಗೆ ಅಷ್ಟು ಸಾಲದು. ರೋಗಿಯ ಕಷ್ಟವನ್ನು ರೋಗಿಯ ಜಾಗದಲ್ಲಿ ಮಲಗಿಯೇ ತಿಳಿಯಬೇಕೆಂದು ಯಾರೋ ಕರುಣಾಳು ಹಿಂದೆಂದೋ ಹೇಳಿದ್ದು ಕಾನೂನಾಯಿತು. ಬೆಳಗಿನಿಂದ ಸಂಜೆಯವರೆಗೆ ಒರೆಗಾರ ರೋಗಿಯ ಹಾಸಿಗೆಯಲ್ಲಿ ಕೈಕಾಲು ಆಡಿಸದೆ ಮಲಗಬೇಕು. ಇದಕ್ಕೆ ‘ಬದಲಿಮಲಗು’ ಎಂದು ಹೆಸರು. ಅವನ ಮೈ ಒರೆಸಬೇಕು, ಉಣಿಸಬೇಕು, ಹೊರಳಿಸಬೇಕು. ಅಷ್ಟರಲ್ಲಿ ಮನೆಯಲ್ಲಿ ಯಾರಾದರೂ ಇನ್ನೊಬ್ಬರ ಆರೈಕೆ ಮಾಡಿದರೆ ಅದು ‘ಕೈಬೆರಕೆ’, ಪರೀಕ್ಷೆ ಕೆಟ್ಟಂತೆ. ಕೈಬೆರಕೆಯಾದ ಮನೆಗೆ ಮುಂದೆಂದೂ ಆರೈಕೆಯವರು ಬರುವುದಿಲ್ಲ. ಎದ್ದು ಕೂರಬಲ್ಲ ರೋಗಿಗಳು ಹೇಗೋ ಆ ಒಂದು ದಿನ ತಳ್ಳುತ್ತಾರೆ.

ಹೋದ ಬೇಸಿಗೆಯಲ್ಲಿ ಹಲಗಲಿ ಸಾಹೇಬರು ಒರೆಗಾರರಾಗಿ ಬಂದರು. ನಗುಮುಖ, ಮೆತ್ತಗಿನ ಮಾತು. ಅಕ್ಕನಿಗೆ ಕೈಮುಗಿದೇ ಅವಳ ಹಾಸಿಗೆ ಏರಿದರು. ಅಕ್ಕನನ್ನು ಅಡುಗೆಮನೆಯ ಚಾಪೆಗೆ ಸಾಗಿಸಿದರು. ದಿಂಬು ಕೂಡ ಪರೀಕ್ಷೆಯ ಸಾಮಾನಾದ್ದರಿಂದ ತಲೆಗೆ ಏನೂ ಇರಲಿಲ್ಲ. ಸಾಹೇಬರ ಹೆಗಲು ತುರಿಸಿತು, ಫಕೀರವ್ವ ಕೆರೆದಳು. ಗಂಜಿಗೆ ಉಪ್ಪು ಕಡಿಮೆ ಅಂದರು, ಬೇರೆ ಕಾಯಿಸಿದಳು. ನಡುಹಗಲಿಗೆ ಅಕ್ಕ ನೀರು ಕೇಳಿದಳು. ನಾನು ತಂಬಿಗೆ ಎತ್ತಿದೆ. ಸಾಹೇಬರು ಕಣ್ಣು ಮುಚ್ಚಿಕೊಂಡೇ, ಬಹಳ ಮರ್ಯಾದೆಯಿಂದ ಹೇಳಿದರು:

“ತಂಬಗಿ ಕೆಳಗಿಡ್ರಿ ತಾಯಿ. ಇವತ್ತಿನ ಪೇಷಂಟ್ ನಾನು.”

ನಾನು ಇಡಲಿಲ್ಲ. ಅಕ್ಕನ ಬಾಯಿಗೆ ಹಿಡಿದರೆ ಅವಳೇ ಹಲ್ಲು ಕಚ್ಚಿ ಮುಖ ತಿರುಗಿಸಿಬಿಟ್ಟಳು. ಆಮೇಲೆ ತೊದಲುತ್ತ ಅಂದಳು, “ಸಂಜೀತನಕಾ ತಡೀತೀನಿ. ನಾಳಿಂದ ನನಗ ಫಕೀರವ್ವ ಬೇಕಲ್ಲ.” ಅಲ್ಲಿ ಫಕೀರವ್ವ ಅಳುತ್ತಲೇ ಸಾಹೇಬರ ತುಟಿಗೆ ನೀರು ಹಿಡಿದಿದ್ದಳು. ಕಣ್ಣೀರು ಅವರ ಮೇಲೆ ಬಿದ್ದರೆ ಅಂಕ ಕಡಿಮೆಯಾಗುತ್ತದೆಂದು ಮುಖ ಅತ್ತ ತಿರುಗಿಸಿದ್ದಳು. ಹೊತ್ತು ಇಳಿಯುವ ಮೊದಲೇ ಅಕ್ಕನ ಗಂಟಲಿನ ಗೊರಗೊರ ಸದ್ದು ನಿಂತಿತು.

ಸಂಜೆ ಸಾಹೇಬರು ಮೈಮುರಿದು ಎದ್ದರು. ಇಂಥ ಆರೈಕೆಯನ್ನು ಜಿಲ್ಲೆಯಲ್ಲೇ ಕಂಡಿಲ್ಲವೆಂದು ಫಕೀರವ್ವನ ಬೆನ್ನು ತಟ್ಟಿದರು. ಅಡುಗೆಮನೆಯ ಸಾವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಆ ದಿನದ ರೋಗಿ ಆರೋಗ್ಯವಾಗಿ ನಡೆದು ಹೋಗಿದ್ದರಲ್ಲ. ಬಾಗಿಲಿಗೆ ‘ಸುರಕ್ಷಿತ ಮನೆ’ ಎಂಬ ಹಿತ್ತಾಳೆಯ ಫಲಕ ಜಡಿದರು. ಅದನ್ನು ಕೀಳುವುದು ಅಪರಾಧ. ದಿನಾ ಅದರ ಕೆಳಗೇ ಹಾದು ಮನೆಯೊಳಗೆ ಹೋಗುತ್ತೇನೆ.

ಆ ಕರುಣಾಳು ನಿಮ್ಮ ಕಾಲದವನಂತೆ. ನಿಮ್ಮ ಯಾವುದೋ ಸಭೆಯಲ್ಲಿ ಅವನು ಎದ್ದು ನಿಂತು, ಪರೀಕ್ಷಿಸುವವನೇ ಒಂದು ದಿನ ರೋಗಿಯ ಹಾಸಿಗೆಯಲ್ಲಿ ಮಲಗಿ ನೋಡಲಿ ಎನ್ನುತ್ತಾನೆ. ನಿಮಗೆ ಮನಸ್ಸು ತುಂಬಿ ಬರುತ್ತದೆ. ಚಪ್ಪಾಳೆ ತಟ್ಟುವ ಮೊದಲು ದಯವಿಟ್ಟು ಒಂದು ಮಾತು ಕೇಳಿ: ಹಾಸಿಗೆಯಲ್ಲಿ ಇದ್ದವಳನ್ನು ಎಲ್ಲಿ ಮಲಗಿಸುತ್ತೀರಿ?

ಇಂತಿ,
ಗೌರವ್ವನ ತಂಗಿ
ನೀಲಾಂಬಿಕೆ