ಮೂರನೇ ಪುಟದಲ್ಲಿ ಸತ್ತ ಅಪ್ಪ

ಮನೆಯಿಂದ
ತಾ. ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಾತಿನಮಲ್ಲಿಗೆ,

ಹೇಗಿದ್ದೀಯ? ಹಾಸ್ಟೆಲಿನ ಕೋಣೆಯ ಒಡೆದ ಕಿಟಕಿಗೆ ಗಾಜು ಹಾಕಿಸಿದರೋ ಇಲ್ಲವೋ? ಕೆಮ್ಮು ಪೂರ್ತಿ ಹೋಯಿತೋ, ಅಥವಾ ಕೇಳಿದವರಿಗೆಲ್ಲ "ಹೋಯ್ತು" ಎಂದು ಹೇಳಿ ಬಚ್ಚಲಿಗೆ ಹೋಗಿ ಕೆಮ್ಮುತ್ತಿದ್ದೀಯೋ? ಹೊತ್ತಿಗೆ ಸರಿಯಾಗಿ ತಿನ್ನು. ಓದುವವರಿಗೆ ಒಂದು ಹೊಟ್ಟೆಯಾದರೆ ಬರೆಯುವವರಿಗೆ ಎರಡು ಇರಬೇಕು, ಇಲ್ಲದಿದ್ದರೆ ಅಷ್ಟೊಂದು ಕೂತಿರಲು ಆಗುವುದು ಹೇಗೆ? ನಾನು ಆರೋಗ್ಯವಾಗಿದ್ದೇನೆ. ಇದನ್ನು ಸ್ವಲ್ಪ ಒತ್ತಿಯೇ ಬರೆಯುತ್ತಿದ್ದೇನೆ, ಯಾಕೆಂದರೆ ನೀನು ಕಳಿಸಿದ ಕಥೆಯ ಪ್ರಕಾರ ನಾನು ಸತ್ತು ಎರಡು ವರ್ಷವಾಯಿತು.

ಲಕೋಟೆ ಬಂದ ದಿನ ನನ್ನ ಅಕ್ಕ ಇಲ್ಲಿಯೇ ಇದ್ದಳು. ನಿನ್ನ ಅತ್ತೆಯ ಸ್ವಭಾವ ಗೊತ್ತಲ್ಲ, ಬೇರೆಯವರ ಹೆಸರಿಗೆ ಬಂದ ಲಕೋಟೆ ಕಂಡರೆ ಅವಳ ಕೈ ಸುಮ್ಮನಿರುವುದಿಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದಳು. "ಅಯ್ಯೋ, ಹೊಟ್ಟೇಲಿ ಹುಟ್ಟಿದ ಮಗಳೇ ನಿನ್ನನ್ನ ಮೂರನೇ ಪುಟದಲ್ಲಿ ಸಾಯಿಸಿಬಿಟ್ಟಿದಾಳಲ್ಲೋ!" ಎಂದಳು. ಆಮೇಲೆ, ಇನ್ನೂ ಇದ್ದಾನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವಳಂತೆ, ತಲೆ ಒರೆಸಿಕೊಳ್ಳುತ್ತ ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳಿಗೆ ಮೊದಲಿನಿಂದಲೂ ನಿನ್ನ ಓದಿನ ಮೇಲೆ ಅನುಮಾನ. ಸಾಹಿತ್ಯದ ಪದವಿ ಎಂದರೆ ಹೋಗಲಿ, ಮೇಷ್ಟರ ಕೆಲಸವಾದರೂ ಸಿಕ್ಕೀತು, ಅದರೊಳಗೆ ಸೃಜನಶೀಲ ಬರವಣಿಗೆಯನ್ನೇ ವಿಶೇಷ ವಿಷಯವಾಗಿ ಆರಿಸಿಕೊಂಡಿದ್ದಾಳೆ ಎಂದಾಗ, "ಕತೆ ಕಟ್ಟೋದಕ್ಕೂ ಯೂನಿವರ್ಸಿಟಿ ಬೇಕಾ? ನಮ್ಮ ಮನೇಲಿ ಎಲ್ರೂ ಪುಕ್ಕಟೆ ಕಟ್ತೀವಿ" ಎಂದಿದ್ದವಳು. ಈಗ ಅವಳ ಅನುಮಾನಕ್ಕೆ ಸಾಕ್ಷಿ ಸಿಕ್ಕಿದೆ. ಊರೆಲ್ಲ ಹೇಳಿಕೊಂಡು ತಿರುಗುತ್ತಾಳೆ, ತಿರುಗಲಿ.

ಕಥೆಯ ಜೊತೆ ನೀನಿಟ್ಟಿದ್ದ ಚೀಟಿಯನ್ನು ಮಾತ್ರ ಅವಳ ಕೈಯಿಂದ ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ. ಪದವಿಗಾಗಿ ಒಪ್ಪಿಸಬೇಕಾದ ಕಥೆ ಇದು, ಅಪ್ಪನಿಗೆ ಬೇಡ ಅನ್ನಿಸಿದರೆ ಒಪ್ಪಿಸುವುದಿಲ್ಲ, ಈ ವಿಷಯವನ್ನೇ ಬಿಟ್ಟು ಭಾಷಾಂತರದ ಕಡೆ ಹೋಗುತ್ತೇನೆ ಎಂದು ಬರೆದಿದ್ದೀಯ. ಅರಳು ಹುರಿದಂತೆ ಮಾತಾಡುತ್ತಿದ್ದವಳು ನಾಲ್ಕು ಸಾಲಿಗೆ ನಿಲ್ಲಿಸಿದ್ದೀಯ. ನಾನು ಉತ್ತರಕ್ಕೆ ತಡಮಾಡಿದ್ದು ಸಿಟ್ಟಿನಿಂದಲ್ಲ. ಏನು ಬರೆಯಬೇಕೆಂದು ನಿಜವಾಗಿಯೂ ತಿಳಿಯಲಿಲ್ಲ.

ಮೊದಲು ನನ್ನ ತಕರಾರು ಕೇಳು. ಸಾಯಿಸುವುದಾದರೆ ಸಾಯಿಸು, ಆದರೆ ಲಿಫ್ಟಿನ ಗುಂಡಿಗೆ ಬೀಳಿಸಿಯೇ ಸಾಯಿಸಬೇಕಿತ್ತೇ? ಇಷ್ಟು ವರ್ಷ ಲಿಫ್ಟು ರಿಪೇರಿ ಮಾಡಿದ್ದೇನೆ, ಒಂದು ದಿನವೂ ಸೊಂಟಕ್ಕೆ ಬೆಲ್ಟು ಕಟ್ಟದೆ ಗುಂಡಿಯ ಬಾಯಿಗೆ ಹೋದವನಲ್ಲ. ಹೊಸಬರು ಬೆಲ್ಟು ಮರೆತು ಬಂದರೆ ಬೈದು ಮನೆಗೆ ಅಟ್ಟುವವನು ನಾನು. ನಿನ್ನ ಕಥೆ ನನ್ನ ಜೊತೆ ಕೆಲಸ ಮಾಡುವವರ ಕೈಗೆ ಸಿಕ್ಕರೆ ಮಾನ ಮೂರು ಕಾಸಿಗೆ ಹರಾಜು. ಒಂದು ಜ್ವರ ಕೊಟ್ಟಿದ್ದರೆ ಸಾಕಿತ್ತಪ್ಪ.

ತಮಾಷೆ ಬದಿಗಿರಲಿ. ಅಕ್ಕ ಹೋದ ಮೇಲೆ ಒಬ್ಬನೇ ಕೂತು ಓದಿದೆ. ಅಪ್ಪ ಸತ್ತ, ಸರಿ. ಪುಟ ತಿರುಗಿಸಿದರೆ ಅಮ್ಮ ಬಾಗಿಲು ತೆಗೆದುಕೊಂಡು ಒಳಗೆ ಬಂದಳು. ಬೀಗದ ಕೈ ಹುಡುಕುತ್ತ, ತಾಳ ತಪ್ಪಿ ಹಾಡು ಗುನುಗುವ, ಅದೇ ನಮ್ಮವಳು. ನಮ್ಮ ಮನೆಯಲ್ಲಿ ಆದದ್ದನ್ನು ನೀನು ಅದಲುಬದಲು ಮಾಡಿದ್ದೀಯ. ಕಾಯಿಲೆ ಬಿದ್ದು ಹೋದವಳನ್ನು ಉಳಿಸಿಕೊಂಡು, ಉಳಿದವನನ್ನು ಕಳಿಸಿದ್ದೀಯ. ನೋವಾಯಿತು ಮಗಳೇ, ಸುಳ್ಳೇಕೆ ಹೇಳಲಿ. ಇಬ್ಬರಲ್ಲಿ ಒಬ್ಬರನ್ನು ಇಟ್ಟುಕೋ ಎಂದಿದ್ದರೆ ಇವಳು ಯಾರನ್ನು ಇಟ್ಟುಕೊಳ್ಳುತ್ತಿದ್ದಳು ಎಂಬುದು ಬರಹದಲ್ಲೇ ಸಿಕ್ಕಿತಲ್ಲ ಎಂದುಕೊಂಡೆ. ಆಮೇಲೆ ಒಂದು ದಿನ, ಯಾವುದೋ ಆಫೀಸು ಕಟ್ಟಡದ ಲಿಫ್ಟಿನ ನೆತ್ತಿಯ ಮೇಲೆ ಕೂತು ಗ್ರೀಸು ಹಚ್ಚುತ್ತಿದ್ದಾಗ, ಪೆನ್ನು ನನ್ನ ಕೈಗೆ ಕೊಟ್ಟಿದ್ದರೂ ನಾನು ಅದನ್ನೇ ಬರೆಯುತ್ತಿದ್ದೆ ಎಂದು ಹೊಳೆಯಿತು. ಮೂರನೇ ಪುಟದವರೆಗೂ ಕಾಯುತ್ತಿರಲಿಲ್ಲ. ಮೊದಲನೇ ಸಾಲಿನಲ್ಲೇ ನಾನು ಹೋಗಿ ಅವಳನ್ನು ವಾಪಸ್ ಕರೆತರುತ್ತಿದ್ದೆ.

ಹಾಗಾಗಿ ಮತ್ತೆ ಓದಿದೆ. ಈ ಸಲ ಅಂಚಿನಲ್ಲಿ ನಿನ್ನ ತರಗತಿಯವರು ಪೆನ್ಸಿಲಿನಲ್ಲಿ ಗೀಚಿದ್ದನ್ನೂ ಬಿಡಲಿಲ್ಲ. ನೀನೇ ಒಮ್ಮೆ ಹೇಳಿದ್ದೆ, ನಿಮ್ಮಲ್ಲಿ ಎಲ್ಲರೂ ದುಂಡಗೆ ಕೂತು ಒಬ್ಬರ ಕಥೆಯನ್ನು ಹಿಂಜುತ್ತಾರೆ, ಬರೆದವರು ಮಾತ್ರ ಕೊನೆಯವರೆಗೂ ತುಟಿ ಬಿಚ್ಚುವಂತಿಲ್ಲ ಎಂದು. ನೀನು ಬಾಯಿಗೆ ಬೀಗ ಹಾಕಿಕೊಂಡು ಕೂತದ್ದನ್ನು ನೆನೆಸಿಕೊಂಡರೆ ನಗುವೂ ಬಂತು, ಸಂಕಟವೂ ಆಯಿತು. ಕಥೆಯ ಅಮ್ಮ ಗಂಡ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಊಟ ಮುಗಿಸುತ್ತಾಳೆ. ಅದರ ಪಕ್ಕ ಒಬ್ಬರು, "ನಂಬಲು ಕಷ್ಟ. ಎರಡು ವರ್ಷ ಯಾರಾದರೂ ನಿಂತು ತಿನ್ನುತ್ತಾರೆಯೇ?" ಎಂದು ಬರೆದಿದ್ದಾರೆ. ಅವಳು ಮರೆತು ಎರಡು ಲೋಟ ಚಹಾ ಮಾಡುತ್ತಾಳೆ. "ಸವೆದ ವಿವರ, ಎಲ್ಲರೂ ಬರೆಯುತ್ತಾರೆ" ಎಂದು ಇನ್ನೊಬ್ಬರು. ಕೆಲಸಕ್ಕೆ ಹೊರಡುವಾಗ ರೇಡಿಯೊ ಹಾಕಿಟ್ಟೇ ಹೋಗುತ್ತಾಳೆ, ವಾಪಸ್ ಬಂದು ಬಾಗಿಲು ತೆಗೆದಾಗ ಒಳಗೆ ಯಾರಾದರೂ ಮಾತಾಡುತ್ತಿರಲಿ ಎಂದು. ಅಲ್ಲಿ ಯಾವನೋ ಜಾಣ "ಕರೆಂಟು ಬಿಲ್ಲು?" ಎಂದು ಕೇಳಿದ್ದಾನೆ.

ಇದನ್ನೆಲ್ಲ ಓದುವಾಗ ನಾನು ಎಲ್ಲಿದ್ದೆ ಗೊತ್ತೇ? ಅಡುಗೆಮನೆಯಲ್ಲಿ, ಒಲೆಯ ಪಕ್ಕ ಹಾಳೆ ಹರಡಿಕೊಂಡು, ತಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದೆ. ನಿನ್ನ ಅಮ್ಮ ಒಂದು ದಿನವೂ ನಿಂತು ತಿಂದವಳಲ್ಲ. "ಕುದುರೆ ಥರ ನಿಂತ್ಕೊಂಡು ತಿನ್ಬೇಡಿ, ಕೂತ್ಕೊಳ್ಳಿ" ಎಂದು ನಮ್ಮಿಬ್ಬರನ್ನೂ ಗದರುತ್ತಿದ್ದವಳು. ಬೆಳಗಿನ ಚಹಾ ಯಾವತ್ತೂ ನನ್ನ ಪಾಳಿ. ಕಥೆಯ ಹೆಂಗಸಿನ ನಡಿಗೆ ಅವಳದು, ಗುನುಗು ಅವಳದು, ಒಂಟಿತನ ಮಾತ್ರ ನನ್ನದು. ಅವಳು ಹೋದ ಮೇಲೆ, ನೀನು ಯೂನಿವರ್ಸಿಟಿಗೆ ಹೊರಡುವ ತನಕ, ನಾವಿಬ್ಬರೇ ಈ ಮನೆಯಲ್ಲಿದ್ದ ಆ ತಿಂಗಳುಗಳಲ್ಲಿ ನೀನು ಪುಸ್ತಕದಿಂದ ತಲೆ ಎತ್ತಿದ್ದನ್ನೇ ನಾನು ಕಾಣೆ. ಎಲ್ಲವನ್ನೂ ನೋಡಿದ್ದೀಯ. ನಾನು ಯಾರಿಗೂ ಹೇಳಿರಲಿಲ್ಲ, ಹೇಳುವಂಥ ಸಂಗತಿ ಎಂದೂ ಅನ್ನಿಸಿರಲಿಲ್ಲ. ನನ್ನ ಮಗಳಿಗೆ ಇದು ಗೊತ್ತು ಎಂದು ತಿಳಿದಾಗ ತಟ್ಟೆ ಕೆಳಗಿಟ್ಟು ಅತ್ತುಬಿಟ್ಟೆ. "ಸವೆದ ವಿವರ" ಎಂದವರಿಗೆ ನನ್ನ ನಮಸ್ಕಾರ ತಿಳಿಸು. ಸವೆದದ್ದು ನಿಜ. ಇವತ್ತು ಬೆಳಿಗ್ಗೆಯೂ ಎರಡು ಲೋಟವೇ ಆಯಿತು, ಎರಡನ್ನೂ ನಾನೇ ಕುಡಿದೆ.

ಇನ್ನು ಇಲ್ಲಿಯ ಸುದ್ದಿ ಅಂಥದ್ದೇನೂ ಇಲ್ಲ. ಭಾನುವಾರ ಈ ಬೀದಿ ಬಿಕೋ ಎನ್ನುತ್ತದೆ. ಲಿಫ್ಟು ರಿಪೇರಿಯವನ ಮನೆಗೆ ಮೆಟ್ಟಿಲೇ ಗತಿ, ಈಗೀಗ ಎರಡನೇ ಮಹಡಿಗೆ ಬರುವಷ್ಟರಲ್ಲಿ ಮಂಡಿ ಕೂಗುತ್ತದೆ. ಕೆಳಗಿನ ಅಂಗಡಿಯ ದರ್ಜಿಗೆ ಕಣ್ಣು ಕೈಕೊಟ್ಟಿದೆ ಎಂದು ಕಾಣುತ್ತದೆ. ಹೋದ ತಿಂಗಳು ಒಂದು ಸಂಜೆ, "ನಿಮ್ಮ ಮಗಳು ಬಂದಿದ್ಲಲ್ಲ, ಗೇಟಿನ ಹತ್ರ ನಿಂತಿದ್ಲು" ಎಂದ. ನೀನೋ, ಪರೀಕ್ಷೆ, ಬರವಣಿಗೆ ಎಂದು ಎರಡು ರಜೆಗೂ ಮನೆಗೆ ಬಾರದವಳು. "ಮೊದಲು ಸೂಜಿಗೆ ದಾರ ಪೋಣಿಸಪ್ಪಾ" ಎಂದು ನಕ್ಕು ಮೇಲೆ ಬಂದೆ. ನನ್ನ ನೀಲಿ ಅಂಗಿಯ ಒಂದು ತೋಳು ಗಿಡ್ಡ, ಒಂದು ತೋಳು ಉದ್ದ ಹೊಲಿದವನ ಕಣ್ಣನ್ನು ನಂಬುವುದುಂಟೇ?

ಕಥೆ ಒಪ್ಪಿಸುವುದೋ ಬೇಡವೋ ಎಂದು ನೀನು ಕೇಳಿದ್ದಕ್ಕೆ ಇನ್ನೆರಡು ದಿನ ಯೋಚಿಸಿ ಬರೆಯುತ್ತೇನೆ. ಸತ್ತದ್ದಕ್ಕೆ ನನ್ನ ಆಕ್ಷೇಪವಿಲ್ಲ, ಕೊನೆಯ ಪುಟ ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿದೆ. ದುಂಡಗೆ ಕೂರುವ ಆ ಎಲ್ಲರಿಗೂ ಒಳ್ಳೆಯದಾಗಲಿ, ಕರೆಂಟು ಬಿಲ್ಲಿನ ಜಾಣನಿಗೂ. ನೀನು ಮುಟ್ಟಿದ ಕೆಲಸ ಕೈಗೂಡಲಿ. ಅಮ್ಮನಿದ್ದಿದ್ದರೆ ನಿನ್ನ ತಲೆ ಸವರಿ ಏನು ಹೇಳುತ್ತಿದ್ದಳೋ ಅದೂ ಇದರಲ್ಲೇ ಸೇರಿದೆ ಎಂದುಕೋ.

ಇನ್ನೂ ಬದುಕಿರುವ
ನಿನ್ನ ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಇನ್ನೆರಡು ದಿನವೂ ಬೇಡ, ಏನೂ ಬೇಡ. ನಿನ್ನ ಕಥೆಯ ಮಗಳು ರಜೆಯಲ್ಲಿ ಗೇಟಿನವರೆಗೂ ಬಂದು, ಮೇಲೆ ಕಿಟಕಿಯಲ್ಲಿಟ್ಟ ರೇಡಿಯೊ ಕೇಳುತ್ತ ನಿಂತು, ಮೆಟ್ಟಿಲು ಹತ್ತಲಾರದೆ ಬಸ್ಸು ಹಿಡಿದು ಹಿಂದಿರುಗುತ್ತಾಳೆ. ನೀನಿದ್ದಾಗ ರೇಡಿಯೊ ಅಡುಗೆಮನೆಯ ಕಪಾಟಿನ ಮೇಲಿತ್ತು. ನಾನದನ್ನು ಕಿಟಕಿಗೆ ತಂದಿಟ್ಟದ್ದು ನೀನು ಹೋದ ಮೇಲೆ. ಈಗಷ್ಟೇ ಕೆಳಗೆ ಹೋಗಿ ದರ್ಜಿಯ ಹತ್ತಿರ ಕ್ಷಮೆ ಕೇಳಿ ಬಂದೆ. ಕಥೆ ಒಪ್ಪಿಸು, ಆ ಬೆಲ್ಟೊಂದು ಬಿಟ್ಟು ಬೇರೇನೂ ತಿದ್ದಬೇಡ. ಕೊನೆಯ ಪುಟವೂ ಹಾಗೇ ಇರಲಿ, ಆ ಹುಡುಗಿ ಹಿಂದಿರುಗಿ ಹೋಗಲಿ. ನೀನು ಹೋಗಬೇಡ. ಅಮ್ಮನಿಲ್ಲದ ಮನೆಗೆ ಹತ್ತುವುದು ಕಷ್ಟ, ನನಗೂ ಗೊತ್ತು. ಕೆಲಸದಿಂದ ಬಂದು ದಿನಾ ಕೆಳಗಿನ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕೂತಿದ್ದೇ ನಾನು ಮೇಲೆ ಹೋಗುವುದು. ಇದು ನಿನ್ನ ಕಥೆಯಲ್ಲಿಲ್ಲ, ಮಂಡಿಯ ನೆಪ ಹೇಳಿ ನಾನೂ ಯಾರಿಗೂ ತಿಳಿಸಿಲ್ಲ. ಈ ಸಲ ಬಂದಾಗ ಅಲ್ಲೇ ಕೂತಿರು, ನಾನು ಬರುತ್ತೇನೆ. ಇಬ್ಬರೂ ಒಟ್ಟಿಗೆ ಹತ್ತಿ ಹೋಗಿ, ಕೂತುಕೊಂಡು ಊಟ ಮಾಡೋಣ.