ಚಿಕ್ಕಮಾವನ ರಕ್ತ

೩ ಫೆಬ್ರವರಿ ೧೯೮೪, ತರೀಕೆರೆ
ಬೆಳಿಗ್ಗೆಯಿಂದ ಆಸ್ಪತ್ರೆ ಲ್ಯಾಬಿನಲ್ಲಿ ಮಲೇರಿಯಾ ಸ್ಲೈಡುಗಳೇ. ಕಣ್ಣುರಿ. ಮಧ್ಯಾಹ್ನ ಬೆಂಗಳೂರಿನ ಡಾಕ್ಟರಿಂದ ಟ್ರಂಕ್ ಕಾಲ್. ತಂಗಿ ಅಂಜಿನಿ ಲ್ಯುಕೇಮಿಯಾದಲ್ಲಿ ಹೋಗಿ ವರ್ಷವಾಯಿತು. ಅದರ ಬೇರು ಮನೆತನದಲ್ಲೇ ಇದೆಯಂತೆ. ಅವಳ ರಕ್ತಕಣಗಳನ್ನು ಔಷಧ ಹಾಕಿ ಬೆಳೆಸಿದಾಗ ಕ್ರೋಮೋಸೋಮುಗಳು ತುಂಬಾ ಮುರಿದಿದ್ದವು. ಅಪ್ಪ ಅಮ್ಮನವು ಸ್ವಲ್ಪ. ನನ್ನವೂ ಸ್ವಲ್ಪ. ಅಪ್ಪನೇ ಅಮ್ಮನ ಸೋದರಮಾವ ಅಲ್ಲವೆ... ನನಗೇನೂ ಆಗುವುದಿಲ್ಲವಂತೆ. ಗಂಡನದೂ ಹೀಗೇ ಇದ್ದರೆ ಮಕ್ಕಳಿಗೆ ಅಪಾಯ.

"ಮದುವೆ ಗಂಡಿನ ರಕ್ತ ಕಳಿಸಮ್ಮ. ಖಚಿತ ಹೇಳೋಕಾಗಲ್ಲ, ಸುಳಿವು ಸಿಗುತ್ತೆ" ಎಂದರು.

ಗಂಡು ಎಂದರೆ ಚಿಕ್ಕಮಾವ, ಹಿರೇನಲ್ಲೂರಿನ ಚಿಕ್ಕಬೀರಪ್ಪ, ಅಮ್ಮನ ಕೊನೇ ತಮ್ಮ. ವೀಳ್ಯಶಾಸ್ತ್ರ ಆಗಿದೆ. ಏಪ್ರಿಲ್‌ನಲ್ಲಿ ಮದುವೆ. ನನಗೂ ಅವನೇ ಬೇಕು.

೯ ಫೆಬ್ರವರಿ
ರಜೆ ಸಿಗಲಿಲ್ಲ. ಅಮ್ಮನೇ ಮಾವನನ್ನು ಕಡೂರಿನ ಲ್ಯಾಬಿಗೆ ಕರೆದೊಯ್ದಳು. ರಕ್ತ ಬೆಂಗಳೂರಿನ ರೈಲು ಹತ್ತಿತು.

೨ ಮಾರ್ಚ್
ಫೋನ್ ಬಂತು. ಮಾವ ನಾರ್ಮಲ್! ಸ್ಟೋರ್ ರೂಮಿಗೆ ಹೋಗಿ ಅತ್ತುಬಿಟ್ಟೆ.

೪ ಮಾರ್ಚ್, ಭಾನುವಾರ, ಅಜ್ಜಂಪುರ
ಮದುವೆ ಸೀರೆ ತರಲು ಮನೆಗೆ ಬಂದೆ. ಅಮ್ಮನ ದೊಡ್ಡ ತಮ್ಮ ದೊಡ್ಡಬೀರಪ್ಪನೂ ಬಂದಿದ್ದ. ತೋಳು ತೋರಿಸಿ, "ನಿಂಗೋಸ್ಕರ ಸೂಜಿ ಚುಚ್ಚುಸ್ಕೊಂಡೆ ಕಣೇ" ಎಂದು ನಕ್ಕ.

ಕಳಿಸಿದ್ದು ಚಿಕ್ಕಮಾವನ ರಕ್ತ ತಾನೇ ಎಂದು ಅಮ್ಮನ ಕಡೆ ತಿರುಗಿದೆ. ಅಮ್ಮ ಮಾತ್ರ ಆರಾಮಾಗಿದ್ದಳು. "ವೀಳ್ಯ ಆದ ಗಂಡು ರಕ್ತ ಕಳೀಬಾರ್ದು ಕಣೇ, ಯಲ್ಲೀ. ಅದ್ಕೇ ದೊಡ್ಡೋನ್ನ ಕರ್ಕೊಂಡ್ಹೋಗಿ ಚಿಕ್ಕೋನ ಹೆಸ್ರು ಬರೆಸ್ದೆ. ಒಂದೇ ಹೊಟ್ಟೇಲಿ ಹುಟ್ಟಿದೋರು, ರಕ್ತ ಬ್ಯಾರೆ ಆಯ್ತದಾ?"

"ನಾನೂ ಅಂಜಿನೀನೂ ಒಂದೇ ಹೊಟ್ಟೇಲಿ ಹುಟ್ಟಿರ್ಲಿಲ್ವಾ ಅಮ್ಮಾ?"

ಅವಳು ಎದ್ದು ಅಡುಗೆಮನೆಗೆ ಹೋದಳು. ಹಾಗೆ ಕೇಳಬಾರದಿತ್ತೇನೋ. ಆದರೂ ಸಿಟ್ಟು ಇಳಿದಿಲ್ಲ.

೧೨ ಮಾರ್ಚ್, ತರೀಕೆರೆ
ದೊಡ್ಡಮಾವನಿಂದ ವಿಷಯ ತಿಳಿದು ಚಿಕ್ಕಮಾವ ತಾನೇ ಬಂದ. ಬಸ್ಸಿಳಿದು ನೆಟ್ಟಗೆ ಲ್ಯಾಬಿಗೆ. ಕೂತವನೇ ಅಂಗಿತೋಳು ಮಡಿಸಿದ.

"ಅಕ್ಕಂಗೆ ಹೇಳಿಲ್ಲ. ತಗೊ."

"ನಿಂದೂ ನನ್ ರಕ್ತದಂಗೇ ಬಂದ್ರೆ?"

"ಅಂಜಿನೀನ ಆಸ್ಪತ್ರೆಗೆ ಎತ್ಕೊಂಡು ಓಡಾಡಿದೋನು ನಾನು. ಇನ್ನೊಂದ್ ಮಗೂನ ಹಂಗೆ ಎತ್ಕೊಳಾಕೆ ನನ್ನ ಕೈಲಾಗಲ್ಲ ಕಣೇ."

ದಿನಾ ಎಷ್ಟೋ ಜನಕ್ಕೆ ಚುಚ್ಚುವ ಕೈಯಿಂದಲೇ ಅವನಿಗೂ ಚುಚ್ಚಿದೆ. ಟ್ಯೂಬಿನ ಮೇಲೆ ಹೆಸರು ನಾನೇ ಬರೆದೆ. ಬಸ್ ಸ್ಟ್ಯಾಂಡಿನವರೆಗೂ ಹೋದೆ. ಕಿಟಕಿಯಿಂದ ಕೇಳಿದ, "ಸೀರೆ ಯಾವ ಬಣ್ಣದ್ದು ತಗೊಂಡೆ?"

ತಗೊಂಡಿಲ್ಲ ಎನ್ನಲು ಬಾಯಿ ಬರಲಿಲ್ಲ. ಹಸಿರು ಎಂದೆ. ನಕ್ಕ. ಬಸ್ಸು ಹೊರಟಿತು. ಈಗ ಹಸಿರು ಸೀರೆ ತರಲೋ, ಇಲ್ಲಾ ಬೆಂಗಳೂರಿನ ಫೋನ್ ಬರಲಿ ಎಂದು ಕಾಯಲೋ.